ಅಜ್ಜನ ಕಾರಿನ ಗುಂಡಿಗೆ

ಪೆಟ್ರೋಲ್ ಬಂಕಿನ ಮುಂದೆ ನಿಂತಾಗಲೆಲ್ಲ ನನಗೆ ಈಗಲೂ ಜೋಳದ ರೊಟ್ಟಿಯ ಹಸಿವಾಗುತ್ತದೆ.

ಭಾಲ್ಕಿಯಲ್ಲಿ ನಮ್ಮಜ್ಜ ಜಹಗೀರದಾರರೊಬ್ಬರಿಂದ ಹಳೆಯ ಕಾರೊಂದನ್ನು ಕೊಂಡಿದ್ದ. ಮೊದಲ ದಿನವೇ ಅದನ್ನು ಬಾವಿಕಟ್ಟೆಗೆ ಗುದ್ದಿದ. ಎರಡನೆಯ ಸಲ ಅಜ್ಜಿಯನ್ನೂ ಕೂರಿಸಿಕೊಂಡು ಬಣವೆಗೆ ನುಗ್ಗಿಸಿದ. ಆಮೇಲೆ ರಜಾಕಾರರ ಹಾವಳಿ ಶುರುವಾಯಿತು. ಒಂದು ಬೆಳಿಗ್ಗೆ ನೋಡಿದರೆ ಕಾರಿನ ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಕಾರ್ಬೊರೇಟರ್ ಮಾಯ!

"ರಜಾಕಾರರು ಗಾಡಿ ಗುಂಡಿಗೀನ ಕಿತ್ಕೊಂಡು ಹೋಗ್ಯಾರ" ಎಂದು ಅಜ್ಜ ಊರೆಲ್ಲ ಹೇಳಿಕೊಂಡು ಬಂದ.

ಆ ವರ್ಷ ನಮ್ಮ ರೊಟ್ಟಿಗಳಿಗೆ ಏನೋ ಒಂದು ವಾಸನೆಯಿತ್ತು. ಮಕ್ಕಳಾದ ನಾವು ಜೋಳವೇ ಹಾಗೆ ಎಂದುಕೊಂಡಿದ್ದೆವು.

ಪೊಲೀಸ್ ಆ್ಯಕ್ಷನ್ ನಡೆದು ರಜಾಕಾರರು ಓಡಿದ್ದೇ ತಡ, ಅಜ್ಜ ಬೇರೆ ಕಾರ್ಬೊರೇಟರ್ ಹುಡುಕಲು ಹೊರಟು ತಿಂಗಳುಗಟ್ಟಲೆ ಅಲೆದ. ಔರಾದಿನಲ್ಲಿ ಸಿಗಲಿಲ್ಲ. ಬೀದರಿನಿಂದ ಹೊತ್ತು ತಂದದ್ದು ಲಾರಿಯದು, ಕೂಡಲಿಲ್ಲ. ಆ ಮಧ್ಯಾಹ್ನ ಸಿಟ್ಟಿನಲ್ಲೇ ಊಟಕ್ಕೆ ಕುಳಿತ. ರೊಟ್ಟಿ ಮುರಿದವನು ಕೈ ಮೂಸಿಕೊಂಡ. ಹೋಗಿ ಸೀಗೆಪುಡಿ ಹಚ್ಚಿ ತೊಳೆದು ಬಂದ. ಮತ್ತೆ ಮೂಸಿದ, ಈ ಸಲ ರೊಟ್ಟಿಯನ್ನು.

ಎದ್ದವನೇ ಜೋಳದ ಕಣಜದೊಳಗೆ ಭುಜದವರೆಗೂ ಕೈ ಇಳಿಸಿದ. ಬಟ್ಟೆಯ ಗಂಟೊಂದು ಹೊರಬಂತು. ಬಿಚ್ಚಿದರೆ ಕಾರ್ಬೊರೇಟರ್, ಬೋರಲು ಮಾಡಿದರೆ ಅದರೊಳಗಿಂದ ಜೋಳ ಸುರಿಯಿತು.

"ಕಂಬಾರನ ಕೈಲೆ ನಾನಽ ಬಿಚ್ಚಿಸಿಟ್ಟಿದ್ನಿರಿ" ಎಂದಳು ಅಜ್ಜಿ. "ಇಲ್ಲಂದ್ರ ರಜಾಕಾರರು ಗಾಡೀನಽ ಒಯ್ತಿದ್ರು."

"ಅವರು ಹೋಗಿ ಎಷ್ಟು ತಿಂಗಳಾತು! ಆಮ್ಯಾಲರ ಯಾಕ ಹೇಳಲಿಲ್ಲ?"

ಅಜ್ಜಿ ತಿರುಗಿಯೂ ನೋಡದೆ ಇನ್ನೊಂದು ರೊಟ್ಟಿ ತಟ್ಟತೊಡಗಿದಳು.

"ಅವರು ಹೋದ್ರು, ಖರೇರಿ. ನೀವು ಇಲ್ಲೇ ಇದ್ದೀರಲ್ರಿ!"