ಹಳದಿ ಕವರ್

"ನೀನು ಮುಂದೆ ನಡಿ."

ಬೆಳಿಗ್ಗೆಯಿಂದ ಗಂಡ ಇದನ್ನು ಹೇಳಿದ್ದು ಮೂರನೆಯ ಸಲ. ಬೆಟ್ಟಸಾಲಿನ ನೆತ್ತಿ. ಎಡಕ್ಕೆ ಪ್ರಪಾತ, ಬಲಕ್ಕೆ ಬೂದು ಬಂಡೆಗಳು, ನಡುವೆ ಇಬ್ಬರು ಜೊತೆಯಾಗಿ ನಡೆಯಲಾಗದ ಕಾಲುದಾರಿ. ಅವಳು ಮುಂದೆ ನಡೆದಳು. ಬೇರೆ ದಾರಿ ಎಲ್ಲಿತ್ತು?

"ಕವರ್ ಸರಿಯಾಗಿ ಹಾಕ್ಕೊಂಡಿದೀಯ ತಾನೆ?"

"ಹೂಂ."

ಅವಳ ಬೆನ್ನಿನ ಚೀಲಕ್ಕೆ ಕಣ್ಣು ಕುಕ್ಕುವ ಹಳದಿ ಮಳೆ ಕವರ್. ಆಕಾಶದಲ್ಲಿ ಒಂದು ಮೋಡವಿಲ್ಲ. ನಿನ್ನೆ ಸುಡುಬಿಸಿಲಲ್ಲೂ ಅದನ್ನು ತೆಗೆಯಲು ಬಿಟ್ಟಿರಲಿಲ್ಲ ಮಹಾರಾಯ. ಕೆಳಗೆ ಬಿದ್ದರೆ ಹುಡುಕುವವರಿಗೆ ಸುಲಭವಾಗಲಿ ಎಂದೇನೋ! ಆ ಯೋಚನೆ ಬಂದದ್ದೇ ಅವಳು ಬಂಡೆಗಳ ಕಡೆಗೆ ಸರಿದು ನಡೆದಳು.

ಹದಿನೆಂಟು ವರ್ಷದ ಸಂಸಾರ. ಗಂಡನದು ವಾಚ್ ರಿಪೇರಿ ಕೆಲಸ. ಕೂದಲೆಳೆಯಂಥ ಸ್ಪ್ರಿಂಗನ್ನೂ ಮಾತಾಡುತ್ತಲೇ ಕೂರಿಸುತ್ತಿದ್ದವನು. ಅಂಥವನು ತಿಂಗಳಿಂದ ಅಂಗಡಿಯ ಬಾಗಿಲು ತೆರೆದಿಲ್ಲ. ಬೈಕ್ ಮಾರಿದ. ಮಧ್ಯಾಹ್ನ ಎಲ್ಲಿಗೋ ಹೋಗಿಬರುತ್ತಾನೆ, ಕೇಳಿದರೆ, "ಏನಿಲ್ಲ, ಸ್ವಲ್ಪ ಕೆಲಸ ಇತ್ತು." ಮಾತಾಡುವಾಗ ಅವಳ ಮುಖ ನೋಡುವುದಿಲ್ಲ, ಕಿವಿಯ ಪಕ್ಕ ಎಲ್ಲೋ ನೋಡುತ್ತಾನೆ. ತಪ್ಪು ಮಾಡಿದವರ ಲಕ್ಷಣವಲ್ಲವೇ ಅದು? ಹೋದ ವಾರ ಫೋನಿನಲ್ಲಿ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿದ್ದಿತ್ತು: "ಅವಳಿಗೆ ಈಗ್ಲೇ ಗೊತ್ತಾಗಬಾರದು. ಮೊದ್ಲು ಬೆಟ್ಟ ಮುಗೀಲಿ."

ಮದುವೆಯಾದ ಹೊಸದರಲ್ಲಿ ಸುತ್ತಿದ್ದ ದಾರಿಯೇ ಇದು. ಎರಡು ದಿನ, ಮೂರು ಸರೋವರ, ಕೊನೆಗೆ ಈ ನೆತ್ತಿ ದಾಟಿ ಹೊರಟಲ್ಲಿಗೇ ವಾಪಸ್. ನಿನ್ನೆ ಗೇಟಿನ ರಿಜಿಸ್ಟರಿನಲ್ಲಿ ಇಬ್ಬರ ಹೆಸರನ್ನೂ ಅವಳ ಕೈಯಲ್ಲೇ ಬರೆಸಿದ. ತನ್ನ ಕೈಬರಹ ಎಲ್ಲೂ ಉಳಿಯಬಾರದು ಅಂತಲೇ? ಪ್ರತಿ ಸರೋವರದ ದಡದಲ್ಲೂ, "ಹೇಗಿದೆ ಹೇಳೇ, ನಿನ್ನ ಬಾಯಲ್ಲಿ ಕೇಳ್ಬೇಕು" ಎಂದು ಪೀಡಿಸಿದ. ಟೆಂಟಿನಲ್ಲಿ ಅವಳ ಕೈ ಹಿಡಿದು, ಕಾರಣ ಹೇಳದೆ ಅತ್ತ. ಬೆಳಗಿನ ತನಕ ಅವಳು ರೆಪ್ಪೆ ಮುಚ್ಚಿರಲಿಲ್ಲ.

ಈಗ ಹಿಂದಿನಿಂದ ಅವನ ಹೆಜ್ಜೆ. ಅವಳು ನಿಂತರೆ ನಿಲ್ಲುತ್ತಿತ್ತು, ನಡೆದರೆ ನಡೆಯುತ್ತಿತ್ತು. ಜೀವ ಕೈಯಲ್ಲಿ ಹಿಡಿದು ಎಷ್ಟು ದೂರ ನಡೆದಾಳು?

ದಾರಿ ಕೊಂಚ ಅಗಲವಾಗಿ ದೊಡ್ಡ ಬಂಡೆಯೊಂದನ್ನು ಬಳಸುವಲ್ಲಿ ಅವಳು ಸರಕ್ಕನೆ ಪಕ್ಕಕ್ಕೆ ಸರಿದಳು. ಆ ಹಾಳು ಕವರನ್ನು ಕಿತ್ತೆಸೆದು, ಬಂಡೆಗೆ ಬೆನ್ನು ಆನಿಸಿ, ಉಸಿರು ಬಿಗಿಹಿಡಿದು ನಿಂತಳು. ಇನ್ನು ಅವನೇ ಮುಂದೆ ಹೋಗಲಿ! ಕವರ್ ಗಾಳಿಗೆ ಹಾರಿ, ಪ್ರಪಾತದ ಅಂಚಿನಾಚೆಗೆ ಚಾಚಿದ್ದ ಪೊದೆಗೆ ಸಿಕ್ಕಿ ಪಟಪಟ ಬಡಿಯತೊಡಗಿತು.

ಗಂಡ ಬಂದ. ಬೂದು ಸ್ವೆಟರ್ ತೊಟ್ಟ ಅವಳು ಎರಡೇ ಮಾರು ದೂರದಲ್ಲಿ, ಅವನ ಎದುರಿಗೇ ಇದ್ದಳು. ಏನು ಮಾಡುತ್ತಾನೋ ಎಂದು ಮುಷ್ಟಿ ಬಿಗಿದಳು. ಅವನು ಏನೂ ಮಾಡಲಿಲ್ಲ. ಅವಳನ್ನು ದಾಟಿ, ದಾರಿ ಬಿಟ್ಟು, ನೇರ ಪೊದೆಯ ಕಡೆಗೆ ನಡೆದ.

"ಸ್ವಲ್ಪ ನಿಧಾನ ಕಣೇ," ಎಂದ.

ಮುಂದಿನ ಹೆಜ್ಜೆಗೆ ನೆಲವಿರಲಿಲ್ಲ. ಅವಳು ನುಗ್ಗಿ ಅವನ ಚೀಲದ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೆಳೆದಳು. ಕೂಗಲು ಪುರಸೊತ್ತಿರಲಿಲ್ಲ.

ಅವನು ಹಳದಿ ಕವರಿನಿಂದ ದೃಷ್ಟಿ ಕೀಳದೆ ಕೊಸರಾಡಿದ: "ಯಾರ್ರೀ ಅದು? ಬಿಡ್ರೀ, ನನ್ನ ಹೆಂಡ್ತಿ ಅಲ್ಲಿ ಕಾಯ್ತಿದಾಳೆ."