ಲಾರಿ ಹರಿದ ಕರಿ

ಬಿದಿರು ನೆಟ್ಟಿದ್ದು ಸರಿಯಾದ ಜಾಗದಲ್ಲೇ ಹೌದೋ ಅಲ್ಲವೋ ಎಂದು ಆದಪ್ಪ ಮೂರನೆಯ ಸಲ ಹೆಜ್ಜೆ ಹಾಕಿ ಅಳೆದ. ಹೋದ ತಿಂಗಳವರೆಗೆ ಊರಬಾಗಿಲು, ಕಲ್ಲಿನ ಅಗಸಿ, ಇಲ್ಲೇ ನಿಂತಿತ್ತು. ಕಾಲುವೆಯ ಮುಂದಿನ ಭಾಗದ ಕೆಲಸಕ್ಕೆ ಮಸ್ಕಿ ಕಡೆಯಿಂದ ಕಲ್ಲು ಹೊರುವ ಲಾರಿಗಳಿಗೆ ಇಕ್ಕಟ್ಟಾಯಿತೆಂದು ಎರಡೇ ದಿನದಲ್ಲಿ ಅದನ್ನು ಕೆಡವಿ, ಅದರ ಕಲ್ಲನ್ನೂ ಅವೇ ಲಾರಿಗಳಲ್ಲಿ ಹೇರಿಕೊಂಡು ಹೋಗಿದ್ದರು. ಆಗ ಯಾರೂ ಬೇಡವೆನ್ನಲಿಲ್ಲ. ಕಾರಹುಣ್ಣಿಮೆ ಹತ್ತಿರ ಬಂದಾಗ ಊರಿಗೆ ಎಚ್ಚರವಾಯಿತು. ಅಗಸಿಯೇ ಇಲ್ಲದ ಮೇಲೆ, ಎತ್ತುಗಳು ಓಡಿ ಬಂದು ಹರಿಯುವ ಕರಿಹಗ್ಗ ಕಟ್ಟುವುದೆಲ್ಲಿ? ಊರ ಹಿರಿಯ ಕರಿಬಸಯ್ಯನವರು ಯೋಚಿಸಿ, ಹಳೆಯ ಕಂಬಗಳ ಗುಳಿಯಲ್ಲೇ ಎರಡು ಬಿದಿರು ನಿಲ್ಲಿಸಿ ಎಂದರು. ಬೇವಿನ ಸೊಪ್ಪು, ಕೊಬ್ಬರಿ ಬಟ್ಟಲು ಕಟ್ಟಿದ ಹಗ್ಗವನ್ನು ಅವುಗಳಿಗೆ ಅಡ್ಡಲಾಗಿ ಬಿಗಿದದ್ದಾಯಿತು.

ಬಿಳಿ ಎತ್ತು ಮೊದಲು ಹಾಯ್ದು ಆ ಕರಿ ಹರಿದರೆ ಹಿಂಗಾರಿ ಜೋಳ ಕೈ ಹಿಡಿಯುತ್ತದೆ, ಕೆಂದೆತ್ತು ಹರಿದರೆ ಮುಂಗಾರಿ ಬೆಳೆ. ಇದು ಅಜ್ಜ ಮುತ್ತಜ್ಜರ ಕಾಲದಿಂದ ಊರು ನಂಬಿಕೊಂಡು ಬಂದ ಮಾತು. ಆದರೆ ಈ ವರ್ಷ ಆದಪ್ಪನ ಜೀವವೇ ಆ ಹಗ್ಗಕ್ಕೆ ಜೋತುಬಿದ್ದಿತ್ತು. ಅವನ ನಾಲ್ಕೆಕರೆ ಎರೆಹೊಲದ ಸುತ್ತಲಿನ ಹೊಲಗಳೆಲ್ಲ ಕಾಲುವೆ ನೀರು ಬರುತ್ತಲೇ ಭತ್ತಕ್ಕೆ ಹೋಗಿದ್ದವು. ಭತ್ತ ಬೆಳೆಯಲು ಬಂದು ಊರಾಚೆ ಕ್ಯಾಂಪು ಹಾಕಿಕೊಂಡಿದ್ದ ಗೋದಾವರಿ ಕಡೆಯ ವೀರ್ರಾಜು, ನಿನ್ನದನ್ನೂ ಹತ್ತು ವರ್ಷಕ್ಕೆ ಗುತ್ತಿಗೆ ಕೊಡು, ಹುಣ್ಣಿಮೆಯ ಸಂಜೆಗೆ ಹೌದೋ ಇಲ್ಲವೋ ಹೇಳಿಬಿಡು ಎಂದು ಕೇಳಿದ್ದ. ಮನುಷ್ಯ ಒಳ್ಳೆಯವನೇ, ಕಷ್ಟ ಅದಲ್ಲ. ಕೊಟ್ಟರೆ, ಹತ್ತು ವರ್ಷ ನೀರು ನಿಂತ ಎರೆಯಲ್ಲಿ ಮತ್ತೆ ಜೋಳ ಹುಟ್ಟುವುದಿಲ್ಲ. ಕೊಡದಿದ್ದರೆ, ಸುತ್ತಲಿನ ಗದ್ದೆಯ ನೀರು ಬಸಿದು ಬಂದು ಜೋಳದ ಬೇರು ಕೊಳೆಯುತ್ತದೆ. ಅತ್ತ ದರಿ, ಇತ್ತ ಪುಲಿ.

ಎಂಟು ದಿನ ಹೊಲದ ಬದುವಿನ ಮೇಲೆ ಅಡ್ಡಾಡಿ, ಕೊನೆಗೆ ಅವನು ಎಲ್ಲವನ್ನೂ ಎತ್ತಿನ ಮೇಲೆ ಹಾಕಿ ಕೈ ತೊಳೆದುಕೊಂಡ. ಬಿಳಿ ಎತ್ತು ಹರಿದರೆ ಹೊಲ ತಾನೇ ಉಳುವುದು, ಕೆಂದೆತ್ತು ಹರಿದರೆ ವೀರ್ರಾಜುವಿಗೆ ಕೊಡುವುದು. ದೇವರಿಗೆ ಬಿಟ್ಟೆ ಎಂದವನು ಅಂದಿನಿಂದ ತನ್ನ ಬಿಳಿ ಎತ್ತಿಗೆ ಮಾತ್ರ ಕದ್ದು ಬೆಲ್ಲ ತಿನ್ನಿಸುತ್ತಿದ್ದ! ಹೆಂಡತಿ ಯಮನೂರಮ್ಮ ನೋಡಿಯೂ ನೋಡದಂತೆ ಇದ್ದಳು. ಹಿಂಗಾರಿಗೆ ಬಿತ್ತಲೆಂದು ಬೂದಿ ಬೆರೆಸಿ, ಬಾಯಿಗೆ ಸಗಣಿ ಮೆತ್ತಿ ಇಟ್ಟಿದ್ದ ಬೀಜದ ಜೋಳದ ಗಡಿಗೆಯನ್ನು ಇವತ್ತು ಒಮ್ಮೆ ಸವರಿ, ಬಂದು ಗಂಡನ ಹಿಂದೆ ನಿಂತುಕೊಂಡಳು.

ಹಳ್ಳದ ದಂಡೆಯಲ್ಲಿ ಹಲಗೆ ವಾದ್ಯ ಬಾರಿಸಿದರು. ಎತ್ತುಗಳನ್ನು ಬಿಟ್ಟರು. ಧೂಳಿನೊಳಗಿಂದ ಮೊದಲು ಕಂಡದ್ದು ಆದಪ್ಪನ ಬಿಳಿ ಎತ್ತು, ಅದರ ಪಕ್ಕೆಗೇ ಬಸವಂತರಾಯನ ಕೆಂದೆತ್ತು. ಮುಂದೆ ಇದು, ಮುಂದೆ ಅದು. ಇನ್ನು ಹತ್ತು ಮಾರು ಉಳಿದಿತ್ತು, ಬಿಳಿಯದರ ಕೊಂಬು ಒಂದು ಗೇಣು ಮುಂದಿತ್ತು. ಅಷ್ಟರಲ್ಲಿ ಊರೊಳಗಿನಿಂದ ಹಾರ್ನು ಕೇಳಿಸಿತು. ಜನ ದಿಕ್ಕಾಪಾಲಾದರು. ಕಲ್ಲು ತುಂಬಿದ ಲಾರಿ ಓಣಿಯಿಂದ ಇಳಿದು, ಬ್ರೇಕು ಒತ್ತಿದರೂ ನಿಲ್ಲದೆ, ಎರಡು ಬಿದಿರಿನ ನಡುವೆ ಹಾಯ್ದು ಹೋಯಿತು. ಎತ್ತುಗಳು ಬೆದರಿ ಹೊಲದ ಪಾಲಾದವು. ಅಷ್ಟು ದೂರದಲ್ಲಿ ಲಾರಿ ನಿಂತಾಗ ಬೇವಿನ ಸೊಪ್ಪು, ಕೊಬ್ಬರಿ ಬಟ್ಟಲು ಅದರ ಮೂತಿಗೆ ಜೋತಾಡುತ್ತಿದ್ದವು.

ಲಿಂಗಸುಗೂರಿನ ಡ್ರೈವರ್ ಕರೀಂಸಾಬ್ ಇಳಿದು ಬಂದ. ಊರಿಗೆ ಪರಿಚಯದವನು. “ಮಾಫ್ ಮಾಡ್ರಿ ಅಯ್ಯಾರ. ಅಗಸಿ ಇದ್ದಾಗ ದಿನಾ ಇಲ್ಲಿ ಗಾಡಿ ನಿಲ್ಲಿಸಿ, ನೋಡಿ ದಾಟತಿದ್ದೆ. ಅದು ಹೋದಮ್ಯಾಲೆ ನಿಲ್ಲೂ ರೂಢಿನ ತಪ್ಪೇತಿ” ಎಂದು ಕರಿಬಸಯ್ಯನವರಿಗೆ ಕೈಮುಗಿದ. ಬಯ್ಯಬೇಕೆಂದು ಬಂದವರು ಹಿಂದೆ ಸರಿದರು. ಕೆಡವುವಾಗ ಇವರೇ ಕಲ್ಲಿಗೆ ಕೈ ಹಚ್ಚಿದ್ದರಲ್ಲ.

ಬಸವಂತರಾಯ ಮತ್ತೊಂದು ಹಗ್ಗ ಕಟ್ಟೋಣ, ಎತ್ತು ಹೊಡೆದು ತರೋಣ ಎಂದ. ಆದಪ್ಪನೂ ಆಸೆಯಿಂದ ಕರಿಬಸಯ್ಯನವರ ಮುಖ ನೋಡಿದ. ಅವರು ಬೇಡವೆಂದು ತಲೆಯಾಡಿಸಿದರು.

“ವರ್ಷಕ್ಕ ಒಂದ ಕರಿ, ಬಸವಂತರಾಯ. ಹರಿದದ್ದು ಹರೀತು.”

“ಅದು ಎತ್ತಲ್ಲಲ್ರಿ ಅಯ್ಯಾರ” ಎಂದ ಆದಪ್ಪ.

“ಅಲ್ಲ. ಆದ್ರ ಊರಬಾಗಿಲಾಗ ಮೊದಲು ಹಾಯ್ದದ್ದು ಅದ.”

ಆದಪ್ಪ ಕಾಲೆಳೆದುಕೊಂಡು ಲಾರಿಯ ಹತ್ತಿರ ಹೋದ. ಮೂತಿಯಿಂದ ಬಾಲದವರೆಗೆ ಕಾಲುವೆಯ ಧೂಳು ಗಟ್ಟಿ ಕೂತು, ಬಣ್ಣ ಬಿಳಿಯೋ ಕೆಂಪೋ ತಿಳಿಯುವಂತಿರಲಿಲ್ಲ. ಅವನು ತಲೆಯ ರುಮಾಲು ಬಿಚ್ಚಿ, ಎತ್ತಿನ ಹಣೆ ಒರೆಸುವ ಹಾಗೆ ಮೆಲ್ಲಗೆ ಒರೆಸಿದ. ಊರೆಲ್ಲ ಬಗ್ಗಿ ನೋಡಿತು. ಹಸಿರು. ಹಸಿರು ಎತ್ತನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ರುಮಾಲು ಕೈಯಲ್ಲೇ ಹಿಡಿದು ಅವನು ನಿಂತೇ ಇದ್ದ. ಹಿಂದಿನಿಂದ ಯಮನೂರಮ್ಮ ಅವನಿಗಷ್ಟೇ ಕೇಳುವಂತೆ ಕೇಳಿದಳು:

“ಬೀಜದ ಜ್ವಾಳ ರೊಟ್ಟಿಗೆ ಬೀಸಿಬಿಡ್ಲೇನ್ರಿ?”