ಅರ್ಧ ಪಾಠ

ಮುಂಬೈಯ ಆಸ್ಪತ್ರೆಯಲ್ಲಿ ಏಕನಾಥ ತೀರಿಕೊಂಡ ಸುದ್ದಿ ಬೆಳಿಗ್ಗೆ ಮೆಹಕರಕ್ಕೆ ಬಂತು. ಸಂಜೆಗೆ ವ್ಯಾನಿನಲ್ಲಿ ಹೆಣವೂ ಬಂತು. ಬರಕ್ಕೆ ಅರ್ಧ ಊರೇ ಗುಳೆ ಹೋಗಿತ್ತು. ಉಳಿದವರು ಬೇವಿನ ಮರದಾಚೆಯೇ ನಿಂತರು. ವ್ಯಾನಿನ ಬಳಿ ಇದ್ದವರು ತಾಯಿ ಕಾಂತಾಬಾಯಿ ಮತ್ತು ಪೈಪ್ ಹಾಕುವ ಕೆಲಸದಲ್ಲಿ ಅವನ ಜೊತೆ ದುಡಿಯುತ್ತಿದ್ದ ಕಮಲನಗರದ ಪಂಢರಿ, ಇಬ್ಬರೇ.

ಅವನಿಗೆ ವಿಜ್ಞಾನ ಕಲಿಸಿದ್ದ ಶಿವರಾಜಪ್ಪ ಮಾಸ್ತರರು ಕೊರಳ ಲಿಂಗವನ್ನು ಮುಟ್ಟಿಕೊಂಡು ಹತ್ತಿರ ಬಂದರು. "ಹ್ಯಾಂಗಾತಪ್ಪ?"

"ಪೈಪಿನ ಬೆಸುಗಿ ಪರೀಕ್ಷಾ ಮಾಡೋ ಯಂತ್ರದಿಂದ ಅಂಗಿ ಗುಂಡಿಯಷ್ಟು ಲೋಹ ಬಿದ್ದಿತ್ತರಿ" ಎಂದ ಪಂಢರಿ. "ಹೊಳೀತದಂತ ಯಾರೋ ತಂದು ಇವನ ತಲಿದಿಂಬಿನ ಮ್ಯಾಲ ಮೊಳಿಗೆ ತೂಗಹಾಕಿದ್ರು. ಐದು ದಿನ. ನಾವು ಮಲಗೋ ಶೆಡ್ಡಿನಾಗ ಎಲ್ಲಾರಿಗೂ ವಾಂತಿ. ಇವನೇ ಗುರ್ತು ಹಿಡದ. 'ಇದು ನಮ್ಮ ಮಾಸ್ತರು ಹೇಳಿದ ಬೆಂಕಿ, ಓಡ್ರೋ!' ಅಂತ ಹದಿನೆಂಟು ಮಂದಿನ್ನ ಹೊರಗ ದಬ್ಬಿದ. ನಾ ಕೈ ಹಿಡದೆ. 'ನಾ ಹ್ಯಾಂಗೂ ಸುಟ್ಟೀನಿ, ನೀ ಯಾಕ ಬರ್ತೀ ಮಂಗ್ಯಾ' ಅಂದ. ಒಬ್ಬನೇ ಒಯ್ದು ಹಾಳು ಕಲ್ಲಿನ ಖಣಿಯಾಗ ಒಗದು, ಯಾರೂ ಇಳೀಬಾರ್ದಂತ ದಾರಿಗಡ್ಡ ಕೂತ."

ಮಾಸ್ತರರಿಗೆ ಆ ತರಗತಿ ನೆನಪಾಯಿತು. ಚೆರ್ನೋಬಿಲ್‌ನ ಬೆಂಕಿ ಆರಿಸಲು ಹೋದವರು, ಬ್ರೆಜಿಲ್ಲಿನ ಗುಜರಿಯಲ್ಲಿ ಸಿಕ್ಕ, ನೀಲಿಯಾಗಿ ಹೊಳೆಯುವ ಪುಡಿಯನ್ನು ಮೈಗೆ ಬಳಿದುಕೊಂಡವರು — ಪರೀಕ್ಷೆಗೆ ಬಾರದ ಆ ವಿಕಿರಣದ ಪಾಠವನ್ನು ಒಬ್ಬ ಹುಡುಗ ಇಪ್ಪತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದನೆ!

"ಹೆಗಲು ಕೊಡ್ರೆಪಾ" ಎಂದರು. ಯಾರೂ ಕದಲಲಿಲ್ಲ.

ಏಕನಾಥನ ಕಾಕಾನ ಮಗ ಕಾಶೀರಾಮ ಮರದಡಿಯಿಂದಲೇ ಕೂಗಿದ. ಶಾಲೆಯಲ್ಲಿ ಅವನೂ ಅದೇ ಬೆಂಚಿನ ಹುಡುಗ. "ನೀವೇ ಹೇಳೀರಲ್ಲರಿ ಮಾಸ್ತರ! ಆ ಚೆರ್ನೋಬಿಲ್‌ನಾಗ ಸತ್ತವರನ್ನ ಸತುವಿನ ಪೆಟ್ಟಿಗ್ಯಾಗ ಇಟ್ಟು ಮ್ಯಾಲ ಸಿಮೆಂಟ್ ಸುರದ್ರಂತ. 'ದೂರ ಸರೀರಿ' ಅಂತ ಛಡಿ ಬಡದು ಬಡದು ಹೇಳಿದ್ರಿ."

ಕಾಂತಾಬಾಯಿ ತಲೆ ಎತ್ತಿದಳು. "ಮುಟ್ಟಬಾರ್ದಂತ ದೂರ ನಿಲ್ಲೋ ಮಂದಿನ್ನ ಹುಟ್ಟಿದಾಗಿಂದ ನೋಡೀನ್ರಿ ಮಾಸ್ತರ. ಇವತ್ತ ನಮ್ಮವ್ರೂ ನಿಂತಾರ."

"ಅವ್ರ ಮೈಮ್ಯಾಲ, ಹೊಟ್ಟ್ಯಾಗ ವಿಕಿರಣದ ಬೂದಿನೇ ಕೂತಿತ್ತೋ ಕಾಶೀರಾಮ" ಎಂದರು ಮಾಸ್ತರರು. "ಇಂವ ಬರೇ ಬೆಂಕಿ ಮುಂದ ಇದ್ದ. ಬಿಸಲಾಗ ನಿಂತಂವ ಸೂರ್ಯ ಆಗ್ತಾನೇನು? ಇಷ್ಟು ಹೇಳೋದು ನಾ ಬಿಟ್ಟಿದ್ದೆ."

ನಂಬಿದವರಾರೂ ಕಾಣಲಿಲ್ಲ. ಮಾಸ್ತರರು ವ್ಯಾನು ಹತ್ತಿದರು. ಪಟ್ಟಿ ಸುತ್ತಿದ್ದ ಏಕನಾಥನ ಕೈಯನ್ನು ಎತ್ತಿ ತಮ್ಮ ವಿಭೂತಿಯ ಹಣೆಗೆ ಒತ್ತಿಕೊಂಡರು. ಆಮೇಲೆ ಚಟ್ಟದ ಒಂದು ಮೂಲೆಗೆ ಅವರ ಹೆಗಲು, ಇನ್ನೊಂದಕ್ಕೆ ಪಂಢರಿಯದು, ಮೂರನೆಯದಕ್ಕೆ ತಾಯಿಯದು. ಚಟ್ಟ ವಾಲಿತು. ಕಾಶೀರಾಮ ಬಾಯೊಳಗಿನ ತಂಬಾಕು ಉಗುಳಿ ಓಡಿ ಬಂದು ನಾಲ್ಕನೆಯ ಮೂಲೆ ಹಿಡಿದ.

ಒಣಗಿ ಬಿರಿದ ಹೊಲದಲ್ಲಿ ಕುಣಿ ತೋಡಲಾಗಿತ್ತು. ತಾಯಿ ಬುದ್ಧನಿಗೆ ಶರಣು ಹೇಳಿ ಮುಗಿಸಿದ ಮೇಲೆ ಮಾಸ್ತರರು ಹಿಡಿ ಮಣ್ಣು ಹಿಡಿದು ಮೊಣಕಾಲೂರಿದರು.

"ಬುದ್ಧಾ, ಬಸವಾ, ಯಾರು ಕೇಳ್ತೀರೋ ಕೇಳ್ರಿ. ಈ ಕೂಸು ಭಾಳ ಉರದದ. ಇನ್ನರೆ ಇದಕ್ಕ ಮಣ್ಣು ತಂಪಿರಲಿ."